ಮೊದಲು ಬರೆದವರು ಯಾರು?

ಸಕಲೇಶಪುರದ ಕಡೆಯಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದಾರಿಯ ಬಿಸಿಲೆಯ ಬಗ್ಗೆ ಅಂತರ್ಜಾಲದಲ್ಲಿ ಹುಡುಕಿದರೆ ಪುಟಗಳಿಗೆ ಬರವಿಲ್ಲ. ಪ್ರವಾಸಿ ತಾಣಗಳ ಪಟ್ಟಿ, ಹೋಂಸ್ಟೇ ಜಾಹೀರಾತು, ಚಾರಣ ತಂಡಗಳ ಪ್ರಕಟಣೆ, ವಿಡಿಯೊಗಳ ಅಡಿಯ ವಿವರಣೆ, ಎಲ್ಲವೂ ಇವೆ. ಆದರೆ ನಾಲ್ಕಾರು ಓದುವಷ್ಟರಲ್ಲಿ ಅದೇ ಪ್ಯಾರಾ ಮತ್ತೆ ಮತ್ತೆ ಎದುರಾಗುತ್ತದೆ. ವೀಕ್ಷಣಾ ತಾಣದಿಂದ ಇಂತಿಂಥ ಬೆಟ್ಟಗಳು ಕಾಣುತ್ತವೆ, ಇದು ಏಷ್ಯಾದಲ್ಲೇ ಅತ್ಯಂತ ದಟ್ಟವಾದ ಕಾಡುಗಳಲ್ಲಿ ಒಂದು. ಈ ದಟ್ಟಣೆಯನ್ನು ಅಳೆದವರು ಯಾರು, ಯಾವಾಗ, ಯಾವ ಮಾನದಿಂದ? ಯಾವ ಪುಟವೂ ಹೇಳುವುದಿಲ್ಲ. ಕೆಲವು ಪಟ್ಟಿಗಳಲ್ಲಿ ಕುಮಾರಪರ್ವತ ಒಂದು ಬೆಟ್ಟ, ಪುಷ್ಪಗಿರಿ ಇನ್ನೊಂದು. ನಿಜದಲ್ಲಿ ಇರುವುದು 1712 ಮೀಟರ್ ಎತ್ತರದ ಒಂದೇ ಶಿಖರ. ಸುಬ್ರಹ್ಮಣ್ಯದ ಕಡೆಯವರು ಅದನ್ನು ಕುಮಾರಪರ್ವತ ಎನ್ನುತ್ತಾರೆ, ಕೊಡಗಿನ ಕಡೆಯವರು ಪುಷ್ಪಗಿರಿ ಎನ್ನುತ್ತಾರೆ. ಅಲ್ಲಿ ನಿಂತು ಊರಿನವರೊಬ್ಬರನ್ನು ಕೇಳಿದ್ದರೆ ತಿಳಿಯುತ್ತಿತ್ತು. ಬರೆದವರು ಅಲ್ಲಿ ನಿಂತಿರಲಿಲ್ಲ, ಇನ್ನೊಂದು ಪುಟದ ಮುಂದೆ ಕುಳಿತಿದ್ದರು.

ಇದೇ ಆಸುಪಾಸಿನ ಮಂಕನಹಳ್ಳಿಯಲ್ಲಿ ನೀರಿನ ದಾರಿ ಕವಲಾಗುವ ಜಾಗವನ್ನು ಸೂಚಿಸುವ ಕಲ್ಲೊಂದಿದೆ. ಒಂದು ಮಗ್ಗುಲಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿಗಳ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇನ್ನೊಂದು ಮಗ್ಗುಲಿನದು ಕುಮಾರಧಾರೆ, ನೇತ್ರಾವತಿಗಳ ಮೂಲಕ ಅರಬ್ಬಿ ಸಮುದ್ರಕ್ಕೆ. ಆ ಕಲ್ಲಿನ ಕಥೆಯೂ ಇದೇ ಬಗೆಯಲ್ಲಿ ಪುಟದಿಂದ ಪುಟಕ್ಕೆ ದಾಟಿದೆ. ಮೊದಲು ಅದನ್ನು ಗಮನಿಸಿ ಬರೆದವರ ಹೆಸರು ದಾರಿಯಲ್ಲೆಲ್ಲೋ ಉದುರಿಹೋಗಿದೆ.

ಕೃತಿಚೌರ್ಯ ಎಂದೊಡನೆ ಲೇಖಕನಿಗಾದ ಅನ್ಯಾಯವನ್ನೇ ನಾವು ಮುಂದಿಡುತ್ತೇವೆ. ಅದು ಅನ್ಯಾಯವೇ. ಆದರೆ ಅಂತರ್ಜಾಲದ ಕಾಲದಲ್ಲಿ ದೊಡ್ಡ ನಷ್ಟ ಆಗುತ್ತಿರುವುದು ಓದುಗನಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರು ಹೋದರೆ ಮಾತಿನ ಮೂಲಕ್ಕೆ ಹೋಗುವ ದಾರಿ ಹೋಗುತ್ತದೆ, ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಲು ಆಧಾರ ಉಳಿಯುವುದಿಲ್ಲ. ಒಬ್ಬರ ತಪ್ಪು ನೂರು ಕಡೆ ಅಚ್ಚಾದ ಮೇಲೆ ಆ ನೂರೂ ಒಂದಕ್ಕೊಂದು ಸಾಕ್ಷಿ ನುಡಿಯುತ್ತವೆ. ಓದುಗ ಅದನ್ನು ನಂಬುತ್ತಾನೆ, ಮೇಷ್ಟರು ತರಗತಿಯಲ್ಲಿ ಹೇಳುತ್ತಾರೆ, ಮಕ್ಕಳು ಪ್ರಬಂಧದಲ್ಲಿ ಬರೆಯುತ್ತಾರೆ.

ನಕಲು ಹೀಗೆ ಇಲ್ಲದ್ದನ್ನು ಹುಟ್ಟಿಸಬಲ್ಲದು. 1930ರ ದಶಕದಲ್ಲಿ ಅಮೆರಿಕದ ಒಂದು ನಕಾಶೆ ಕಂಪನಿ ತನ್ನ ಕೆಲಸವನ್ನು ಕದಿಯುವವರನ್ನು ಹಿಡಿಯಲೆಂದೇ ನ್ಯೂಯಾರ್ಕ್ ರಾಜ್ಯದ ನಕಾಶೆಯಲ್ಲಿ ಅಗ್ಲೋ ಎಂಬ ಇಲ್ಲದ ಊರನ್ನು ಸೇರಿಸಿತು. ಕೆಲವು ವರ್ಷಗಳ ಮೇಲೆ ಇನ್ನೊಂದು ಕಂಪನಿಯ ನಕಾಶೆಯಲ್ಲಿ ಆ ಊರು ಕಾಣಿಸಿತು. ಕಳ್ಳ ಸಿಕ್ಕಿದ ಎಂದುಕೊಳ್ಳುವಷ್ಟರಲ್ಲಿ ಆ ಜಾಗದಲ್ಲಿ ಅಗ್ಲೋ ಹೆಸರಿನ ಅಂಗಡಿಯೇ ಇದೆ ಎಂಬ ಉತ್ತರ ಬಂತು. ಅಂಗಡಿಯವನು ಆ ಹೆಸರನ್ನು ನಕಾಶೆ ನೋಡಿಯೇ ಇಟ್ಟಿದ್ದ. ಬಿಸಿಲೆಯ ಎರಡು ಬೆಟ್ಟಗಳನ್ನು ಯಾರೂ ಬಲೆಯಾಗಿ ಒಡ್ಡಿದ್ದಲ್ಲ, ಆದರೆ ಅವು ಉಳಿದುಕೊಂಡದ್ದು ಇದೇ ರೀತಿಯಲ್ಲಿ.

ಬಿಸಿಲೆಯ ಕಾಡಿನ ಬಗ್ಗೆ ನಿಜವಾಗಿ ತಿಳಿಯಲು ಮಳೆಯಲ್ಲಿ ನೆನೆಯಬೇಕು, ಜಿಗಣೆಗೆ ರಕ್ತ ಕೊಡಬೇಕು. ಮಂಗಳೂರಿನ ಅತ್ರಿ ಬುಕ್ ಸೆಂಟರಿನ ಜಿ.ಎನ್. ಅಶೋಕವರ್ಧನ ಮತ್ತು ಅವರ ಗೆಳೆಯ ಡಾ. ಕೃಷ್ಣಮೋಹನ್ ಇಲ್ಲಿ ಜಾಗ ಕೊಂಡದ್ದು ತೋಟ ಮಾಡಲಿಕ್ಕಲ್ಲ, ಕಾಡನ್ನು ಕಾಡಾಗಿಯೇ ಬಿಡಲಿಕ್ಕೆ. ಆ ಜಾಗದ ಹೆಸರು ಅಶೋಕವನ. ಮಳೆಗಾಲದಲ್ಲಿ ಅಲ್ಲಿ ಕಪ್ಪೆ ಅಧ್ಯಯನ ಶಿಬಿರಗಳು ನಡೆದಿವೆ. ಕತ್ತಲಲ್ಲಿ ಕೂಗನ್ನು ಹಿಂಬಾಲಿಸಿ, ಎಲೆಯಡಿಯ ಜೀವವನ್ನು ಗುರುತಿಸಿ, ದಿನಾಂಕ ಮತ್ತು ಜಾಗದೊಡನೆ ಬರೆದಿಟ್ಟ ಒಂದು ಸಾಲಿನ ಹಿಂದೆ ಎಷ್ಟು ಶ್ರಮವಿರುತ್ತದೆ ಎಂಬುದು ಅಂಥ ರಾತ್ರಿಗಳನ್ನು ಕಳೆದವರಿಗೆ ಗೊತ್ತು. ಆ ಸಾಲನ್ನು ನಕಲಿಸಿ ಅಂಟಿಸಲು ಎರಡು ಬೆರಳು ಸಾಕು.

ಅಶೋಕವರ್ಧನರ ಉದಾಹರಣೆ ಇನ್ನೊಂದು ಕಾರಣಕ್ಕೂ ಇಲ್ಲಿ ಸಲ್ಲುತ್ತದೆ. ದಶಕಗಳ ಕಾಲ ಪುಸ್ತಕ ಮಾರಿ ಬದುಕಿದವರು ಅವರು, 2012ರಲ್ಲಿ ಅಂಗಡಿ ಮುಚ್ಚಿದರು. ಆಮೇಲೆ ತಮ್ಮ ಬರಹಗಳನ್ನೂ ತಂದೆ ಜಿ.ಟಿ. ನಾರಾಯಣ ರಾಯರ ಹಲವು ಕೃತಿಗಳನ್ನೂ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತೆ ಉಚಿತವಾಗಿ ಇಟ್ಟರು. ಹಣ ಬೇಡವೆಂದವರು ಹೆಸರೂ ಬೇಡವೆಂದ ಹಾಗಲ್ಲ. ಅಂತರ್ಜಾಲದಲ್ಲಿ ಬಿಟ್ಟಿ ಸಿಕ್ಕಿದ್ದಕ್ಕೆ ಯಜಮಾನನಿಲ್ಲ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಓದಲು ಉಚಿತವಾಗಿ ಕೊಟ್ಟವರು ತಮ್ಮ ಕೆಲಸವನ್ನು ಇನ್ನೊಬ್ಬರ ಹೆಸರಿನಲ್ಲಿ ಅಚ್ಚು ಹಾಕಲು ಕೊಟ್ಟಿಲ್ಲ.

ಇದರ ಅತಿ ಸಾಮಾನ್ಯ ರೂಪ ನಮ್ಮ ಪತ್ರಿಕೆಗಳಲ್ಲೇ ಇದೆ. ಘಟ್ಟದ ಹಕ್ಕಿ, ಕಪ್ಪೆ, ಹೂವಿನ ಅಪರೂಪದ ಚಿತ್ರದ ಕೆಳಗೆ ‘ಚಿತ್ರಕೃಪೆ: ಅಂತರ್ಜಾಲ’ ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಕೆಲವೊಮ್ಮೆ ‘ಕೃಪೆ: ಗೂಗಲ್’. ಅಂತರ್ಜಾಲ ಚಿತ್ರ ತೆಗೆಯುವುದಿಲ್ಲ, ಗೂಗಲ್ ಮಳೆಯಲ್ಲಿ ಕಾಯುವುದಿಲ್ಲ. ಈ ಎರಡು ಪದಗಳನ್ನು ಬರೆಯುವ ಉಪಸಂಪಾದಕರಿಗೆ ಚಿತ್ರ ತಮ್ಮದಲ್ಲವೆಂದು ಗೊತ್ತಿದೆ, ಯಾರದೆಂದು ಹುಡುಕಬೇಕೆಂಬುದೂ ಗೊತ್ತಿದೆ. ಚಿತ್ರವನ್ನೇ ಕೊಟ್ಟು ಅದರ ಮೂಲ ಹುಡುಕುವ ಸೌಲಭ್ಯ ಇಂದು ಪ್ರತಿ ಮೊಬೈಲಿನಲ್ಲೂ ಇದೆ. ಕೆಲಸದ ಒತ್ತಡ ನಿಜ. ಆದರೆ ಹೆಸರು ಸಿಗದ ಚಿತ್ರವನ್ನು ಬಿಟ್ಟು ಸಿಕ್ಕಿದ ಚಿತ್ರವನ್ನು ಹಾಕುವುದಕ್ಕೆ ಒತ್ತಡ ಅಡ್ಡಿಯಲ್ಲ.

ವಾಟ್ಸಾಪಿನಲ್ಲಿ ಈ ರೋಗಕ್ಕೆ ಎರಡು ಮುಖ. ಒಂದು ಕಡೆ, ಯಾರದೋ ಬರಹದ ಕೊನೆಯ ಹೆಸರನ್ನು ಅಳಿಸಿ ‘ಸಂಗ್ರಹ’ ಎಂದು ತಮ್ಮ ಹೆಸರು ಹಾಕಿಕೊಳ್ಳುವವರು. ಇನ್ನೊಂದು ಕಡೆ, ತಾವೇ ಹೆಣೆದ ಮಾತಿಗೆ ಕುವೆಂಪು ಅಥವಾ ತೇಜಸ್ವಿಯವರ ಚಿತ್ರ ಅಂಟಿಸಿ ಕಳಿಸುವವರು. ಮೊದಲನೆಯದು ಕಳವು, ಎರಡನೆಯದು ತಮ್ಮ ಮಾಲನ್ನು ಇನ್ನೊಬ್ಬರ ಮನೆಯಲ್ಲಿ ಬಚ್ಚಿಟ್ಟ ಹಾಗೆ. ಎರಡರಲ್ಲೂ ಯಾರು ಏನು ಹೇಳಿದರು ಎಂಬ ಲೆಕ್ಕ ಕೆಡುತ್ತದೆ. ತಮ್ಮ ಬದುಕಿನಲ್ಲಿ ಎಂದೂ ಬರೆಯದ ಉಪದೇಶದ ಮಾತುಗಳಿಗೆ ತೇಜಸ್ವಿ ಇಂದು ಜವಾಬ್ದಾರರಾಗಿದ್ದಾರೆ.

ಇದೆಲ್ಲ ಹೊಸದೇ? ಎರವಲು ಹೊಸದಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ, ಒಂಬತ್ತನೇ ಶತಮಾನದ ಕವಿರಾಜಮಾರ್ಗ, ದಂಡಿಯ ಕಾವ್ಯಾದರ್ಶದಿಂದ ಧಾರಾಳವಾಗಿ ತೆಗೆದುಕೊಂಡಿದೆ. ಹತ್ತನೇ ಶತಮಾನದ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಇನ್ನೊಬ್ಬ ಕವಿಯ ಶಬ್ದವನ್ನು ತೆಗೆದುಕೊಳ್ಳುವುದು ಬೇರೆ, ಅರ್ಥವನ್ನು ತೆಗೆದುಕೊಳ್ಳುವುದು ಬೇರೆ ಎಂದು ಬಿಡಿಸಿ, ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ಅಧ್ಯಾಯಗಟ್ಟಲೆ ಚರ್ಚಿಸಿದ. ಹಳಬರಿಗೆ ಕಳವು ಗೊತ್ತಿರಲಿಲ್ಲ, ಎಲ್ಲವೂ ಎಲ್ಲರದಾಗಿತ್ತು ಎಂದು ಹೇಳುವವರು ಇದನ್ನು ಓದಬೇಕು.

ಕವಿರಾಜಮಾರ್ಗದಲ್ಲಿ ನನ್ನನ್ನು ಬಹುವಾಗಿ ತಟ್ಟುವುದು ಇನ್ನೊಂದು ಸಂಗತಿ. ಅದು ತನಗಿಂತ ಮುಂಚಿನವರನ್ನು ಹೆಸರು ಹಿಡಿದು ಕರೆಯುತ್ತದೆ. ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಗದ್ಯದಲ್ಲಿ ಬರೆದವರು ಎನ್ನುತ್ತದೆ. ಅವರ ಒಂದು ಕನ್ನಡ ಕೃತಿಯೂ ನಮಗೆ ಉಳಿದಿಲ್ಲ. ಅಂಥವರು ಬರೆದಿದ್ದರು, ಕನ್ನಡಕ್ಕೆ ಕವಿರಾಜಮಾರ್ಗಕ್ಕಿಂತ ಹಿಂದಿನ ಸಾಹಿತ್ಯವೊಂದಿತ್ತು ಎಂದು ಇಂದು ಹೇಳಲು ಸಾಧ್ಯವಾಗಿರುವುದು ಆ ಗ್ರಂಥ ಹೆಸರು ಹೇಳಿದ್ದರಿಂದ. ಹದಿಮೂರನೇ ಶತಮಾನಕ್ಕೆ ಬಂದರೆ ತಂದೆ–ಮಗನ ಒಂದು ಜೋಡಿ ಸಿಗುತ್ತದೆ. ತಂದೆ ಮಲ್ಲಿಕಾರ್ಜುನ ಸೂಕ್ತಿಸುಧಾರ್ಣವದಲ್ಲಿ ಹಲವು ಕವಿಗಳ ಪದ್ಯಗಳನ್ನು ಒಟ್ಟುಗೂಡಿಸಿದ, ಯಾವ ಪದ್ಯ ಯಾರದೆಂದು ಸೂಚಿಸಲಿಲ್ಲ. ಅವುಗಳ ಮೂಲ ಹುಡುಕುವ ಕೆಲಸದಲ್ಲಿ ಇಪ್ಪತ್ತನೇ ಶತಮಾನದ ವಿದ್ವಾಂಸರು ಕಣ್ಣು ಸವೆಸಿದರು. ಮಗ ಕೇಶಿರಾಜ ಶಬ್ದಮಣಿದರ್ಪಣದ ಆರಂಭದಲ್ಲೇ ತನಗೆ ಪ್ರಮಾಣವಾದ ಕವಿಗಳ ಹೆಸರುಗಳನ್ನು ಕೊಟ್ಟ. ತಂದೆ ಮಾಡಿದ್ದು ಕಳವಲ್ಲ, ಅಪ್ಪಟ ಕಾವ್ಯಪ್ರೀತಿ. ಆದರೂ ಹೆಸರು ಬಿಟ್ಟದ್ದರ ಬೆಲೆಯನ್ನು ಏಳು ಶತಮಾನಗಳ ಮೇಲೆ ಬೇರೆಯವರು ತೆತ್ತರು.

ವಚನಕಾರರಿಗೂ ದಾಸರಿಗೂ ಅಂಕಿತವಿತ್ತು. ಹಾಡಿದವರ ಬಾಯಲ್ಲಿ ಪಾಠ ಬದಲಾದರೂ ಕೊನೆಯ ಅಂಕಿತ ಹೇಳಿದವರಾರೆಂದು ನೆನಪಿಸುತ್ತಿತ್ತು. ಅಂಕಿತವನ್ನು ಕನ್ನಡಿಗರು ಎಷ್ಟು ಗಂಭೀರವಾಗಿ ಪರಿಗಣಿಸುತ್ತಾರೆ ಎಂಬುದು ಸುಪ್ರೀಂ ಕೋರ್ಟಿನವರೆಗೂ ಹೋಗಿ ದಾಖಲಾಗಿದೆ. ಮಾತೆ ಮಹಾದೇವಿಯವರು ‘ಬಸವ ವಚನ ದೀಪ್ತಿ’ಯಲ್ಲಿ ಬಸವಣ್ಣನ ವಚನಗಳ ಕೂಡಲಸಂಗಮದೇವ ಎಂಬ ಅಂಕಿತವನ್ನು ಲಿಂಗದೇವ ಎಂದು ಬದಲಿಸಿದರು. 1998ರಲ್ಲಿ ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ. ಪುಸ್ತಕವನ್ನೇ ತಡೆಯುವುದು ಸರಿಯೇ ಎಂಬ ಬಗ್ಗೆ ನನಗೆ ಬಲವಾದ ಅನುಮಾನವಿದೆ. ಆದರೆ ಎಂಟು ಶತಮಾನಗಳ ಹಿಂದಿನ ಅಂಕಿತಕ್ಕಾಗಿ ಇಷ್ಟು ಹೋರಾಡಿದ ಸಮಾಜ, ನಿನ್ನೆ ಬರೆದವನ ಹೆಸರನ್ನು ಅಳಿಸುವಾಗ ಸುಮ್ಮನಿರುವುದು ನೋವಿನ ಸಂಗತಿ.

ಮೂಲವನ್ನು ಹೇಳಿಯೂ ಕೃತಿಯನ್ನು ತನ್ನದಾಗಿಸಿಕೊಳ್ಳಬಹುದು ಎಂಬುದಕ್ಕೆ ಸಕಲೇಶಪುರದ ನೆರೆಯ ಮೂಡಿಗೆರೆಯಲ್ಲೇ ಸಾಕ್ಷಿ ಇದೆ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಕೆನೆತ್ ಆಂಡರ್ಸನ್ನನ ಅನುಭವಗಳು ಎಂದು ತಾನೇ ಹೇಳಿಕೊಳ್ಳುತ್ತದೆ. ಆದರೂ ಅದನ್ನು ಓದಿದ ಯಾರೂ ಅದು ತೇಜಸ್ವಿಯ ಕನ್ನಡವಲ್ಲ ಎನ್ನಲಾರರು. ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೆಸರಿನಲ್ಲೇ ಮೂಲವನ್ನು ಸಾರಿತು, ಅದರಿಂದ ಹೊಸ ಕಾವ್ಯದ ಒಂದು ಪರಂಪರೆಯೇ ಹೊರಟಿತು. ಋಣವನ್ನು ಒಪ್ಪಿಕೊಂಡದ್ದರಿಂದ ಇಬ್ಬರಿಗೂ ಏನೂ ಕಡಿಮೆಯಾಗಲಿಲ್ಲ.

ಗಡಿಯಾಚೆಯ ಎರವಲು ಮಾತ್ರ ನಮ್ಮಲ್ಲಿ ಯಾವಾಗಲೂ ತಕರಾರಿನದು. ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳ ಕರ್ತೃತ್ವದ ಬಗ್ಗೆ ಮುಳಿಯ ತಿಮ್ಮಪ್ಪಯ್ಯ, ಶಿವರಾಮ ಕಾರಂತ, ಕುಕ್ಕಿಲ ಕೃಷ್ಣ ಭಟ್ಟರಂಥವರು ದಶಕಗಳ ಕಾಲ ಬರೆದರು, ವಾದಿಸಿದರು. ಮಲಯಾಳದ ರಾಮನಾಟ್ಟಕ್ಕೂ ಅದಕ್ಕೂ ಇರುವ ಹೋಲಿಕೆ ಆ ವಾದದ ಭಾಗವಾಗಿತ್ತು. 2022ರಲ್ಲಿ ಅದೇ ಗಡಿಯ ಮೇಲೆ ಮತ್ತೊಂದು ತಕರಾರು ಎದ್ದಿತು. ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ತಮ್ಮ ‘ನವರಸಂ’ ಹಾಡಿನ ನಕಲು ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಆರೋಪಿಸಿತು. ಚಿತ್ರತಂಡ ಅದನ್ನು ನಿರಾಕರಿಸಿತು, ಹೋಲಿಕೆ ರಾಗದ್ದು ಎಂದಿತು. ಕೋಯಿಕ್ಕೋಡ್, ಪಾಲಕ್ಕಾಡ್ ನ್ಯಾಯಾಲಯಗಳಿಂದ ಮಧ್ಯಂತರ ತಡೆ ಬಂತು, ಒಟಿಟಿಯಲ್ಲಿ ಚಿತ್ರ ಬಂದಾಗ ಬೇರೆ ಧಾಟಿಯ ಹಾಡಿತ್ತು, ಆಮೇಲೆ ತಡೆ ತೆರವಾಯಿತು, ಪ್ರಕರಣ ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ಮುಟ್ಟಿತು. ಈ ಆದೇಶಗಳು ಮಧ್ಯಂತರದವು, ನಕಲು ಹೌದೋ ಅಲ್ಲವೋ ಎಂಬುದನ್ನು ಅವು ತೀರ್ಮಾನಿಸಲಿಲ್ಲ. ಪಾರ್ತಿಸುಬ್ಬನ ಹೋಲಿಕೆಯನ್ನು ಗುರುತಿಸಲು ಎರಡು ಭಾಷೆಯ ಪಂಡಿತರು ಬೇಕಾದರು. ವರಾಹ ರೂಪದ ಹೋಲಿಕೆಯನ್ನು ಸಾಮಾನ್ಯ ಕೇಳುಗರು ಕೆಲವೇ ದಿನಗಳಲ್ಲಿ ಎರಡು ಹಾಡನ್ನು ಪಕ್ಕಪಕ್ಕ ಇಟ್ಟು ಚರ್ಚೆಗೆ ಎಳೆದರು. ನಕಲನ್ನು ಸುಲಭ ಮಾಡಿದ ಜಾಲವೇ ಪತ್ತೆಯನ್ನೂ ಸುಲಭ ಮಾಡಿದೆ.

ಕಾನೂನು ಏನನ್ನುತ್ತದೆ? 1957ರ ಭಾರತೀಯ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕೃತಿಚೌರ್ಯ ಎಂಬ ಹೆಸರಿನ ಅಪರಾಧವಿಲ್ಲ. ಕೃತಿಸ್ವಾಮ್ಯದ ಉಲ್ಲಂಘನೆಗೆ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ಲೇಖಕನ ಜೀವಿತಾವಧಿ ಮತ್ತು ನಂತರದ 60 ವರ್ಷ ಹಕ್ಕು ಉಳಿಯುತ್ತದೆ. ಆದರೆ ನಮ್ಮ ಲೇಖಕರು ಹೆಚ್ಚಾಗಿ ಗಮನಿಸದ 57ನೇ ಸೆಕ್ಷನ್ ಈ ಚರ್ಚೆಗೆ ಎಲ್ಲಕ್ಕಿಂತ ಹತ್ತಿರದ್ದು. ಹಕ್ಕನ್ನು ಪ್ರಕಾಶಕನಿಗೆ ಪೂರ್ತಿ ಮಾರಿದ ಮೇಲೂ ಕೃತಿ ನನ್ನದು ಎಂದು ಹೇಳಿಕೊಳ್ಳುವ ಅಧಿಕಾರ ಲೇಖಕನಲ್ಲೇ ಉಳಿಯುತ್ತದೆ ಎಂದು ಅದು ಹೇಳುತ್ತದೆ.

ಕರ್ನಾಟಕದ್ದೇ ಒಂದು ಮುಖ್ಯ ಪ್ರಕರಣವಿದೆ. ಶಿವರಾಮ ಕಾರಂತರು 1997ರ ಡಿಸೆಂಬರಿನಲ್ಲಿ ತೀರಿಕೊಂಡರು. 1994ರ ತಮ್ಮ ಉಯಿಲಿನಲ್ಲಿ ಅವರು ಕೃತಿಗಳ ಹಕ್ಕನ್ನು ಬಿ. ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ದೆಹಲಿಯಲ್ಲಿ ಕಾರಂತ ಶೈಲಿಯ ಯಕ್ಷಗಾನ ‘ಅಭಿಮನ್ಯು ವಧೆ’ ಆಡಿಸಿದಾಗ ಮಲ್ಯ ದಾವೆ ಹೂಡಿದರು. ಉಡುಪಿಯ ನ್ಯಾಯಾಲಯ, ಹೈಕೋರ್ಟ್ ದಾಟಿ 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ಹಕ್ಕು ಮಲ್ಯ ಅವರದೇ ಎಂದ ಕೋರ್ಟ್, ಶಿಕ್ಷಣ ಸಂಸ್ಥೆಗಳ ಪ್ರದರ್ಶನದಂಥ ಸಂದರ್ಭಗಳಿಗೆ ಕಾಯ್ದೆಯ 52ನೇ ಸೆಕ್ಷನ್ ಕೊಡುವ ವಿನಾಯಿತಿಯನ್ನು ತಡೆಯಾಜ್ಞೆಯೊಳಕ್ಕೆ ಸೇರಿಸಿತು. ಯಕ್ಷಗಾನದಂಥ ಸಮುದಾಯದ ಕಲೆಯಲ್ಲಿ ಒಬ್ಬನ ಕೈಚಳಕ ಎಲ್ಲಿಂದ ಶುರುವಾಗುತ್ತದೆ ಎಂಬ ಕಷ್ಟದ ಪ್ರಶ್ನೆಯನ್ನು ಈ ವ್ಯಾಜ್ಯ ಎತ್ತಿತು. ಹಾಡು, ಕುಣಿತ, ವೇಷ ಎಲ್ಲರದು. ಕಾರಂತರು ಅದನ್ನು ಜೋಡಿಸಿದ ಬಗೆ ಕಾರಂತರದು. ನಾನು ಈ ತೀರ್ಪನ್ನು ಒಪ್ಪುತ್ತೇನೆ.

ಹಂಚಿಕೊಳ್ಳಲು ಒಳ್ಳೆಯ ದಾರಿಗಳೂ ಹುಟ್ಟಿವೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದೇ ವರ್ಷ ನಿರಂಜನರ ಕೃತಿಗಳನ್ನು ಅವರ ಮಕ್ಕಳು ಹಾಗೆಯೇ ತೆರೆದಿಟ್ಟರು. ಯಾರು ಬೇಕಾದರೂ ಬಳಸಿ, ಮಾರ್ಪಡಿಸಿ, ಮೂಲವನ್ನು ಹೇಳಿ, ನೀವು ಮಾಡಿದ್ದನ್ನೂ ಹೀಗೆಯೇ ತೆರೆದಿಡಿ. ಇಷ್ಟೇ ಷರತ್ತು. ಆದರೆ ವಿಶ್ವಕೋಶದ ನಮೂದಿನ ಕೊನೆಯಲ್ಲಿದ್ದ ಬರೆದವರ ಹೆಸರಿನ ಮೊದಲಕ್ಷರಗಳು ಅಂತರ್ಜಾಲದಲ್ಲಿ ಒಂದೆರಡು ಕೈ ದಾಟುವಷ್ಟರಲ್ಲಿ ಕಾಣೆಯಾಗುತ್ತವೆ. ವಿಶ್ವಕೋಶದ ವಿಜ್ಞಾನ ವಿಭಾಗದ ಸಂಪಾದಕರಾಗಿದ್ದವರು ಮೇಲೆ ಹೆಸರಿಸಿದ ಜಿ.ಟಿ. ನಾರಾಯಣ ರಾಯರು. ಒಂದು ಪಾರಿಭಾಷಿಕ ಪದಕ್ಕಾಗಿ ಅಂಥವರು ಪಟ್ಟ ಪಾಡಿನ ಫಲ ಇಂದು ಹೆಸರಿಲ್ಲದೆ ಓಡಾಡುತ್ತಿದೆ. ವಚನಗಳ ಸ್ಥಿತಿಯೂ ಅದೇ. 20 ಸಾವಿರಕ್ಕೂ ಹೆಚ್ಚು ವಚನಗಳು ಇಂದು ಒಂದೇ ತಾಣದಲ್ಲಿ ಹುಡುಕಲು ಸಿಗುತ್ತವೆ, ‘ವಚನ ಸಂಚಯ’ದಂಥ ಕೆಲಸ ಮಾಡಿದವರಿಗೆ ಕನ್ನಡ ಋಣಿ. ಆದರೆ ಮನೆಮನೆ ಅಲೆದು ತಾಳೆಗರಿ ಕೂಡಿಸಿದ ಫ.ಗು. ಹಳಕಟ್ಟಿಯವರನ್ನು, ಪಾಠ ಸಂಪಾದಿಸಿದ ಎಂ.ಎಂ. ಕಲಬುರ್ಗಿಯವರನ್ನು ವಚನ ನಕಲಿಸುವ ಎಷ್ಟು ಪುಟಗಳು ನೆನೆಯುತ್ತವೆ?

ಇನ್ನು ವಿಶ್ವವಿದ್ಯಾಲಯಗಳು. ನನ್ನ ಕಳವಳ ಹೆಚ್ಚಿರುವುದು ಇಲ್ಲೇ. ವಿಜ್ಞಾನದ ಲೋಕದಲ್ಲಿ ಪತ್ತೆ ತಕ್ಕಮಟ್ಟಿಗೆ ನಡೆಯುತ್ತದೆ. 2002ರಲ್ಲಿ ಕುಮಾವೂಂ ವಿಶ್ವವಿದ್ಯಾಲಯದ ಕುಲಪತಿ ಬಿ.ಎಸ್. ರಜಪೂತ್ ಹೆಸರಿದ್ದ ಪ್ರಬಂಧವೊಂದು ಸ್ಟ್ಯಾನ್‌ಫರ್ಡಿನ ರೆನಾಟಾ ಕ್ಯಾಲೋಶ್ ಅವರದರ ನಕಲು ಎಂದು ಬಯಲಾದಾಗ, ಭೌತವಿಜ್ಞಾನಿಗಳು ಎರಡನ್ನೂ ಜಾಲದಲ್ಲಿ ಎಲ್ಲರ ಮುಂದಿಟ್ಟರು. ಕುಲಪತಿ ರಾಜೀನಾಮೆ ಕೊಡಬೇಕಾಯಿತು. ಜರ್ಮನಿಯ ರಕ್ಷಣಾ ಸಚಿವ ಗುಟೆನ್‌ಬರ್ಗ್ ಅವರ ಪಿಎಚ್.ಡಿ. ಪ್ರಬಂಧವನ್ನು 2011ರಲ್ಲಿ ನೂರಾರು ಅಪರಿಚಿತರು ಜಾಲದಲ್ಲಿ ಕೂಡಿ ಪುಟಪುಟ ಹೋಲಿಸಿದರು, ಕೆಲವೇ ವಾರಗಳಲ್ಲಿ ಪದವಿಯೂ ಹೋಯಿತು, ಸಚಿವ ಸ್ಥಾನವೂ ಹೋಯಿತು. ನಮ್ಮ ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಸಹಲೇಖಕರಾಗಿದ್ದ ‘ಅಡ್ವಾನ್ಸ್‌ಡ್ ಮೆಟೀರಿಯಲ್ಸ್’ ಪತ್ರಿಕೆಯ ಪ್ರಬಂಧದ ಪೀಠಿಕೆಯಲ್ಲಿ ಬೇರೊಂದು ಪ್ರಬಂಧದ ಕೆಲವು ವಾಕ್ಯಗಳು ಹಾಗೆಯೇ ಬಂದಿದ್ದವು, 2012ರ ಆರಂಭದಲ್ಲಿ ಅದು ಸುದ್ದಿಯಾಯಿತು. ಫಲಿತಾಂಶಗಳು ನಕಲಾಗಿರಲಿಲ್ಲ, ಲೇಖಕರು ಪತ್ರಿಕೆಯಲ್ಲೇ ಕ್ಷಮೆ ಕೇಳಿದರು. ಕೆಲವೇ ವಾಕ್ಯಗಳಿಗೂ ಬಹಿರಂಗವಾಗಿ ಕ್ಷಮೆ ಕೇಳುವ ಪದ್ಧತಿ ಇರುವುದು ಆರೋಗ್ಯದ ಲಕ್ಷಣ. ಕನ್ನಡದ ಮಾನವಿಕ ಸಂಶೋಧನೆಯಲ್ಲಿ ಈ ಪದ್ಧತಿ ಇನ್ನೂ ಬೆಳೆದಿಲ್ಲ.

ನಿಯಮಗಳೇನೋ ಬಂದಿವೆ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ಹೋಲಿಕೆ ಶೇ 10ರವರೆಗೆ ಇದ್ದರೆ ದಂಡವಿಲ್ಲ. ಶೇ 10ರಿಂದ 40 ಇದ್ದರೆ ವಿದ್ಯಾರ್ಥಿ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 40ರಿಂದ 60 ಇದ್ದರೆ ಒಂದು ವರ್ಷ ತಿದ್ದಿದ ಪ್ರಬಂಧವನ್ನೂ ಸಲ್ಲಿಸುವಂತಿಲ್ಲ, ಶೇ 60 ಮೀರಿದರೆ ನೋಂದಣಿಯೇ ರದ್ದು. ಅಧ್ಯಾಪಕರಿಗೆ ವೇತನ ಬಡ್ತಿ ತಡೆ, ಮಾರ್ಗದರ್ಶನಕ್ಕೆ ನಿಷೇಧ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ 2019ರಲ್ಲಿ ‘ಶೋಧಶುದ್ಧಿ’ ಯೋಜನೆಯಡಿ ವಿಶ್ವವಿದ್ಯಾಲಯಗಳಿಗೆ ಪತ್ತೆಯ ತಂತ್ರಾಂಶವನ್ನು ಕೊಡಲು ಆರಂಭಿಸಿತು, ಮೊದಲು ಉರ್ಕುಂಡ್, ಆಮೇಲೆ ಡ್ರಿಲ್‌ಬಿಟ್.

ಈ ಲೆಕ್ಕ ಕನ್ನಡಕ್ಕೆ ಬಂದಾಗ ಕುಸಿಯುತ್ತದೆ. ಸಾಮಾನ್ಯ ಜ್ಞಾನವೋ ಕಾಕತಾಳೀಯವೋ ಆದ ಸತತ 14 ಪದಗಳವರೆಗಿನ ಹೋಲಿಕೆಯನ್ನು ನಿಯಮ ಲೆಕ್ಕದಿಂದ ಬಿಡುತ್ತದೆ. ಇಂಗ್ಲಿಷಿನಲ್ಲಿ 14 ಪದ ಅಂದರೆ ಒಂದು ಸಾಧಾರಣ ವಾಕ್ಯ. ವಿಭಕ್ತಿ, ಸಮಾಸ, ಕ್ರಿಯಾಪದದ ಬಾಲಗಳನ್ನೆಲ್ಲ ಒಂದೇ ಪದದಲ್ಲಿ ಹೊಸೆಯುವ ಕನ್ನಡದಲ್ಲಿ 14 ಪದಗಳಿಗೆ ಎರಡು ತುಂಬು ವಾಕ್ಯಗಳೇ ಆಗಬಹುದು. ಅಂದರೆ ಕನ್ನಡದಲ್ಲಿ ಕದಿಯುವವನಿಗೆ ನಿಯಮ ಹೆಚ್ಚು ಜಾಗ ಬಿಟ್ಟಿದೆ. ಎರಡು ಪದಗಳನ್ನು ಕೂಡಿಸಿಯೋ ಬಿಡಿಸಿಯೋ ಬರೆದರೂ ಯಂತ್ರಕ್ಕೆ ಹೋಲಿಕೆ ತಪ್ಪಿಹೋಗಬಹುದು.

ಇದಕ್ಕಿಂತ ದೊಡ್ಡ ತೊಡಕು ಅಕ್ಷರದ್ದೇ. ವರ್ಷಗಟ್ಟಲೆ ನಮ್ಮ ಪ್ರಬಂಧಗಳು, ಪುಸ್ತಕಗಳು ನುಡಿ, ಬರಹ ಎಂಬ ತಂತ್ರಾಂಶಗಳ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಸಿದ್ಧವಾದವು. ಅಂಥ ಕಡತದೊಳಗೆ ಕಣ್ಣಿಗೆ ಕಾಣುವುದು ಕನ್ನಡ, ಯಂತ್ರಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮಹಾಪ್ರಬಂಧಗಳ ರಾಷ್ಟ್ರೀಯ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡದ ಎಷ್ಟೋ ಪ್ರಬಂಧಗಳು ಇಂಥ ಕಡತಗಳು, ಇಲ್ಲವೇ ಪುಟದ ಬರೀ ಚಿತ್ರಗಳು. ಅವುಗಳಿಂದ ಅಧ್ಯಾಯವನ್ನೇ ಎತ್ತಿ ಹೊಸದಾಗಿ ಟೈಪು ಮಾಡಿಸಿ ಯುನಿಕೋಡಿನಲ್ಲಿ ಕೊಟ್ಟರೆ ತಂತ್ರಾಂಶ ಶೂನ್ಯದ ಹತ್ತಿರದ ಅಂಕಿ ತೋರಿಸುತ್ತದೆ. ಪ್ರಬುದ್ಧ ಕರ್ಣಾಟಕದಂಥ ನಿಯತಕಾಲಿಕಗಳ ಹಳೆಯ ಸಂಚಿಕೆಗಳ ಲೇಖನಗಳಿಗೆ, ಅಚ್ಚಿನಲ್ಲಿ ಮುಗಿದುಹೋದ ಸಾವಿರಾರು ವಿಮರ್ಶಾ ಸಂಕಲನಗಳಿಗೆ ಯಂತ್ರದ ರಕ್ಷಣೆ ಸ್ವಲ್ಪವೂ ಇಲ್ಲ.

ಮೂರನೆಯದು ಅನುವಾದದ ಕಳವು, ಕನ್ನಡದಲ್ಲಿ ಇದೇ ಹೆಚ್ಚು ಎಂದು ನನಗನ್ನಿಸುತ್ತದೆ. ಇಂಗ್ಲಿಷ್ ವಿಕಿಪೀಡಿಯದ ಪುಟವನ್ನೋ ವಿದೇಶಿ ಪತ್ರಿಕೆಯ ವಿಜ್ಞಾನ ಲೇಖನವನ್ನೋ ಕನ್ನಡಕ್ಕೆ ಇಳಿಸಿ ತಮ್ಮದೆಂದು ಕೊಡುವುದು. ಪತ್ರಿಕೆಗಳ ಅಂಕಣಗಳಿಂದ ಹಿಡಿದು ಸಂಶೋಧನ ಪ್ರಬಂಧಗಳ ‘ತಾತ್ತ್ವಿಕ ಹಿನ್ನೆಲೆ’ ಅಧ್ಯಾಯದವರೆಗೆ ಇದು ಹಬ್ಬಿದೆ. ಭಾಷೆ ಬದಲಾದ ಕಳವನ್ನು ಹಿಡಿಯುವ ಶಕ್ತಿ ಪದಕ್ಕೆ ಪದ ಹೋಲಿಸುವ ಯಂತ್ರಕ್ಕಿಲ್ಲ. ಕನ್ನಡಕ್ಕೆ ಜ್ಞಾನ ಬಂತಲ್ಲ, ಬರಲಿ ಬಿಡಿ ಎಂದು ಸಮರ್ಥಿಸುವವರಿದ್ದಾರೆ. ಮೂಲ ಹೇಳಿದ್ದರೂ ಆ ಜ್ಞಾನ ಬರುತ್ತಲೇ ಇತ್ತು, ಜೊತೆಗೆ ಓದುಗನಿಗೆ ಮುಂದಿನ ಓದಿನ ದಾರಿಯೂ ಸಿಗುತ್ತಿತ್ತು. ಹೇಳದೆ ತಂದಾಗ ಅನುವಾದಕನ ನಿಜವಾದ ಕೌಶಲಕ್ಕೂ ಬೆಲೆ ಇಲ್ಲದಾಗುತ್ತದೆ.

ಇಷ್ಟರಲ್ಲಿ ಕೃತಕ ಬುದ್ಧಿಮತ್ತೆ ಬಂದಿದೆ. ಕೋಟ್ಯಂತರ ಪುಟಗಳನ್ನು ಉಂಡು ಬೆಳೆದ ಈ ಯಂತ್ರಗಳ ವಿಚಾರದಲ್ಲಿ ಸುದ್ದಿಸಂಸ್ಥೆ ಎಎನ್‌ಐ 2024ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಓಪನ್‌ಎಐ ವಿರುದ್ಧ ದಾವೆ ಹೂಡಿತು. ಅಮೆರಿಕದಲ್ಲಿ ಕಳ್ಳಪ್ರತಿಗಳ ಭಂಡಾರದಿಂದ ಪುಸ್ತಕಗಳನ್ನು ಇಳಿಸಿಕೊಂಡ ಪ್ರಕರಣದಲ್ಲಿ ಆಂಥ್ರೊಪಿಕ್ ಕಂಪನಿ 2025ರಲ್ಲಿ ಲೇಖಕರಿಗೆ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಪರಿಹಾರದ ವಿಚಾರ ನ್ಯಾಯಾಲಯಗಳಲ್ಲಿ ಹೇಗಾದರೂ ಇತ್ಯರ್ಥವಾದೀತು. ನನ್ನನ್ನು ಕಾಡುವುದು ಬೇರೆ. ಯಂತ್ರ ಸಾಲಿಗೆ ಸಾಲು ನಕಲಿಸುವುದು ಅಪರೂಪ, ಆದ್ದರಿಂದ ಹೋಲಿಕೆಯ ಅಂಕಿ ಸಾಮಾನ್ಯವಾಗಿ ಶೇ 10 ದಾಟುವುದಿಲ್ಲ. ನಿಯಮಾವಳಿಯ ಕಣ್ಣಲ್ಲಿ ಅಂಥ ಪ್ರಬಂಧ ಶುದ್ಧ. ಯಾರ ಮಾತು ಎಲ್ಲಿಂದ ಬಂತು ಎಂಬ ಗುರುತು ಮಾತ್ರ ಅದರಲ್ಲಿ ಪೂರ್ತಿ ಕರಗಿರುತ್ತದೆ. ಆಧಾರ ಕೇಳಿದರೆ ಯಂತ್ರ ಇಲ್ಲದ ಪುಸ್ತಕದ ಹೆಸರನ್ನೂ ಅಚ್ಚುಕಟ್ಟಾಗಿ ಕೊಡುತ್ತದೆ.

ಶೇಕಡಾವಾರು ಅಂಕಿಯನ್ನು ನಂಬಿಕೊಂಡ ನಮ್ಮ ವಿಭಾಗಗಳು ಈಗ ಓದಿ ಪರೀಕ್ಷಿಸುವ ಹಳೆಯ ಕೆಲಸಕ್ಕೆ ಮರಳಬೇಕಾಗಿದೆ. ಅದಕ್ಕೆ ನೆರವಾಗುವಂತೆ ಕನ್ನಡ ಅಧ್ಯಯನ ಸಂಸ್ಥೆಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಸಾಹಿತ್ಯ ಪರಿಷತ್ತು ತಮ್ಮ ಹಳೆಯ ನಿಯತಕಾಲಿಕಗಳನ್ನೂ ಪ್ರಬಂಧಗಳನ್ನೂ ಹುಡುಕಲು ಬರುವ ಯುನಿಕೋಡ್ ಪಠ್ಯವಾಗಿ ಮಾಡಿಸಬೇಕು. ಚಿತ್ರದಲ್ಲಿರುವ ಕನ್ನಡವನ್ನು ಪಠ್ಯವಾಗಿ ಓದುವ ತಂತ್ರಾಂಶ ಇಂದು ಅದಕ್ಕೆ ಸಾಕಷ್ಟು ಪಳಗಿದೆ. ಅದಕ್ಕೂ ಮೊದಲು, ನಾಳೆಯೇ, ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ್ದು ಒಂದಿದೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಪ್ರಬಂಧದ ಕೊನೆಯ ಗ್ರಂಥಋಣದ ಪಟ್ಟಿ ತೆರೆಯಲಿ. ಅದರಲ್ಲಿ ಐದು ಪುಸ್ತಕಗಳನ್ನು ಆರಿಸಲಿ. ಅವನ್ನು ಎಲ್ಲಿ ಓದಿದೆ, ಯಾವ ಗ್ರಂಥಾಲಯದಲ್ಲಿ ಸಿಕ್ಕಿತು, ಈ ಮಾತು ಅದರ ಯಾವ ಅಧ್ಯಾಯದ್ದು, ಲೇಖಕರೊಡನೆ ನಿನಗೆ ಒಪ್ಪಿಗೆಯಾಗದ್ದು ಯಾವುದು ಎಂದು ವಿದ್ಯಾರ್ಥಿಯನ್ನು ಕೇಳಲಿ. ಹಾಗೆ ಕೇಳಬೇಕಾದರೆ ಪರೀಕ್ಷಕರೂ ಆ ಐದು ಪುಸ್ತಕಗಳನ್ನು ಓದಿರಬೇಕು.